ಏಷ್ಯನ್ ಕಪ್‌ಗೆ ಹೊರಟ ನಮ್ಮ ಹುಡುಗಿಯರ ಮೇಲೆ ಎಷ್ಟು ಆಸೆ ಇಟ್ಟುಕೊಳ್ಳಬಹುದು?

ಪ್ರಶ್ನೆ: 2025ರ ಜುಲೈ 5ರಂದು ಭಾರತದ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ, 2026ರ ಮಾರ್ಚ್‌ಗೆ ಆಸ್ಟ್ರೇಲಿಯಾದಲ್ಲಿ ನಿಗದಿಯಾದ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಅವತ್ತಿನಿಂದ ನನಗೆ ಬೇರೆ ಮಾತೇ ಇಲ್ಲ. ನಾಲ್ಕು ಮ್ಯಾಚ್‌ನಲ್ಲಿ 24 ಗೋಲು ಹೊಡೆದ ತಂಡ ಇದು. ಕ್ವಾರ್ಟರ್ ಫೈನಲ್ ಖಂಡಿತ, ವರ್ಲ್ಡ್ ಕಪ್ ಕೂಡ ಸಾಧ್ಯ ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಗ್ರೂಪ್ ಹಂಚುವ ಡ್ರಾನಲ್ಲಿ ನಮ್ಮ ಗ್ರೂಪಿಗೆ ಜಪಾನ್ ಬಂದ ಮೇಲೆ ಜೊತೆಯಲ್ಲಿ ಆಡುವವರೆಲ್ಲ ನಗುತ್ತಿದ್ದಾರೆ. 'ಮೂರೂ ಸೋತು ಬರ್ತಾರೆ ನೋಡ್ತಿರು' ಅಂತಾರೆ. ನನ್ನ ಆಸೆ ಅತಿಯಾಯ್ತಾ? ಅಕ್ಕ ಪರ್ತ್‌ನಲ್ಲಿದ್ದಾಳೆ. ಒಂದೇ ಮ್ಯಾಚ್‌ಗೆ ಹೋಗೋಕಾಗೋದು, ಯಾವುದಕ್ಕೆ ಟಿಕೆಟ್ ತಗೊಳ್ಳಲಿ ಅಂತ ಕೇಳುತ್ತಿದ್ದಾಳೆ.
— ಬೆಳಗಾವಿಯ ಓದುಗರೊಬ್ಬರು

ಉತ್ತರ: ಅತಿಯಾಗಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಕ್ವಾರ್ಟರ್ ಫೈನಲ್ ಆಸೆಗೆ ಗಟ್ಟಿ ಲೆಕ್ಕವಿದೆ. ವರ್ಲ್ಡ್ ಕಪ್ ಆಸೆಗೂ ಒಂದು ದಾರಿ ಇದೆ, ಇಕ್ಕಟ್ಟಾದ ದಾರಿ. ಆದರೆ ನೀವು ಆಸೆ ಕಟ್ಟಿರುವುದು 24 ಗೋಲಿನ ಮೇಲೆ. ಅದನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಡಬೇಕು. ಆಗ ನಗುವವರಿಗೆ ಉತ್ತರ ಕೊಡುವುದು ಸುಲಭ.

ಆ 24ನ್ನು ಬಿಡಿಸಿ ನೋಡೋಣ. ಮಂಗೋಲಿಯಾ ವಿರುದ್ಧ 13-0. ಅದರಲ್ಲಿ ಪ್ಯಾರಿ ಖಾಖಾ ಒಬ್ಬರದ್ದೇ ಐದು. ತಿಮೋರ್ ಲೆಸ್ತೆ ವಿರುದ್ಧ 4-0. ಇರಾಕ್ ವಿರುದ್ಧ 5-0. ಇಲ್ಲಿಗೇ 22 ಆಯಿತು. ಈ ಮೂರೂ ಮಹಿಳಾ ಫುಟ್‌ಬಾಲಿನಲ್ಲಿ ಇನ್ನೂ ಕಾಲೂರುತ್ತಿರುವ ತಂಡಗಳು. ಥಾಯ್ಲೆಂಡ್ ಕೂಡ ಇದೇ ಮೂವರ ಮೇಲೆ ಸರಿಯಾಗಿ 22 ಗೋಲು ಹೊಡೆದಿತ್ತು, ಒಂದೂ ಬಿಟ್ಟುಕೊಟ್ಟಿರಲಿಲ್ಲ. ಅಂದರೆ ಕೊನೆಯ ಮ್ಯಾಚ್‌ಗೆ ಎರಡೂ ತಂಡ ಇಳಿದಾಗ ಪಾಯಿಂಟೂ ಸಮ, ಗೋಲು ವ್ಯತ್ಯಾಸವೂ (ಹೊಡೆದ ಗೋಲಿನಿಂದ ತಿಂದ ಗೋಲು ಕಳೆದರೆ ಉಳಿಯುವುದು) ಸಮ. ಗ್ರೂಪಿನಿಂದ ಮೇಲೆ ಹೋಗುವುದು ಒಂದೇ ತಂಡ. ಆ 22 ಗೋಲು ನಮ್ಮನ್ನು ಆ ಸಂಜೆಯವರೆಗೆ ಕರೆದುಕೊಂಡು ಬಂದವು, ಅಷ್ಟೇ. ಮಾರ್ಚ್‌ನಲ್ಲಿ ಏನಾಗಬಹುದು ಅನ್ನುವುದಕ್ಕೆ ಅವುಗಳಿಂದ ಸುಳಿವು ಸಿಗುವುದಿಲ್ಲ.

ಸುಳಿವು ಇರುವುದು ಉಳಿದ ಎರಡು ಗೋಲಿನಲ್ಲಿ. ಆ ಮ್ಯಾಚ್‌ನ ರೆಕಾರ್ಡಿಂಗ್ ಸಿಕ್ಕರೆ ಇನ್ನೊಮ್ಮೆ ನೋಡಿ. ಥಾಯ್ಲೆಂಡ್ 2015 ಮತ್ತು 2019ರಲ್ಲಿ ವರ್ಲ್ಡ್ ಕಪ್ ಆಡಿದ ತಂಡ. ಅವತ್ತು ಫಿಫಾ ರ‍್ಯಾಂಕಿಂಗ್‌ನಲ್ಲಿ ಅವರದು 46, ನಮ್ಮದು 70. ಅದಕ್ಕೂ ಮೊದಲು ನಾವು ಅವರನ್ನು ಸೋಲಿಸಿದ್ದೇ ಇಲ್ಲ. ಚಿಯಾಂಗ್ ಮಾಯ್‌ನ ಮೈದಾನ, ಜನ ಪೂರ್ತಿ ಅವರ ಕಡೆ. 28ನೇ ನಿಮಿಷಕ್ಕೆ ಸಂಗೀತಾ ಬಾಸ್ಫೋರ್ ದೂರದಿಂದ ಹೊಡೆದು ಮುಂದೆ ತಂದರು. ವಿರಾಮ ಮುಗಿದು ಬಂದ ಎರಡೇ ನಿಮಿಷಕ್ಕೆ ಥಾಯ್ಲೆಂಡ್ ಸಮ ಮಾಡಿತು.

ನಾನು ಕಾದು ನೋಡಿದ್ದು ಅಲ್ಲಿಂದ ಮುಂದಿನದನ್ನು. ಇಂಥ ಹೊತ್ತಿನಲ್ಲಿ ನಮ್ಮ ತಂಡಗಳು ಹಿಂದಕ್ಕೆ ಸರಿದು, ಬಾಲನ್ನು ಸುಮ್ನೆ ದೂರ ಒದ್ದು, ಎರಡನೇ ಗೋಲು ತಿಂದದ್ದು ಎಷ್ಟು ಸಲ ನೋಡಿದ್ದೇವೆ, ಅಲ್ವಾ? ಈ ಸಲ ಹಾಗಾಗಲಿಲ್ಲ. 74ನೇ ನಿಮಿಷಕ್ಕೆ ಸಂಗೀತಾ ಎರಡನೇ ಗೋಲು ಹೊಡೆದರು. ಉಳಿದ ಹೊತ್ತನ್ನು ತಂಡ ಗಾಬರಿಯಾಗದೆ ಕಳೆಯಿತು. ಇದಕ್ಕೆ ಎಂಟು ತಿಂಗಳ ಹಿಂದಷ್ಟೇ, 2024ರ ಅಕ್ಟೋಬರ್‌ನಲ್ಲಿ, ಕಠ್ಮಂಡುವಿನ ಸ್ಯಾಫ್ (ದಕ್ಷಿಣ ಏಷ್ಯಾ) ಟೂರ್ನಿಯಲ್ಲಿ ನಾವು ಬಾಂಗ್ಲಾದೇಶಕ್ಕೆ 1-3ರಿಂದ ಸೋತಿದ್ದೆವು, ಸೆಮಿಫೈನಲ್‌ನಲ್ಲಿ ನೇಪಾಳಕ್ಕೆ ಪೆನಾಲ್ಟಿಯಲ್ಲಿ ಸೋತಿದ್ದೆವು. ಅದೇ ದೇಶದ ತಂಡ ಇದು. ಆಗಿನ ಕೋಚ್ ಕ್ರಿಸ್ಪಿನ್ ಛೆಟ್ರಿ ಮಾಡಿದ ದೊಡ್ಡ ಕೆಲಸ ಇಲ್ಲೇ ಕಾಣುತ್ತದೆ: ಹುಡುಗಿಯರನ್ನು ತುಂಬಾ ದಿನ ಒಟ್ಟಿಗೆ ಇಟ್ಟುಕೊಂಡು ತಯಾರು ಮಾಡಿದರು. ಥಾಯ್ಲೆಂಡಿಗೆ ಹೋಗುವ ಮುಂಚೆ ಉಜ್ಬೇಕಿಸ್ತಾನದ ಜೊತೆ ಎರಡು ಮ್ಯಾಚ್ ಆಡಿಸಿದ್ದು ನಮ್ಮ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲೇ.

ನೀವು ಕುಣಿದಾಡಿದ್ದು ಯಾಕೆ ಸರಿ ಅನ್ನುವುದಕ್ಕೆ ಹಿಂದಿನ ಕಥೆ ಸ್ವಲ್ಪ ಬೇಕು. ನಮ್ಮ ಮಹಿಳೆಯರು ಏಷ್ಯಾದಲ್ಲಿ ಎರಡು ಸಲ ಫೈನಲ್ ಆಡಿದವರು. ಒಂದು ಕೋಯಿಕ್ಕೋಡ್‌ನಲ್ಲಿ, 1980ರ ಹೊತ್ತಿಗೆ. ಇನ್ನೊಂದು 1983ರಲ್ಲಿ ಬ್ಯಾಂಕಾಕ್‌ನಲ್ಲಿ. ಆಮೇಲೆ ನಮ್ಮವರಿಗೆ ಆಡಲು ಮ್ಯಾಚ್‌ಗಳೇ ಇಲ್ಲದಂತಾಯಿತು. 2009ರಲ್ಲಿ, ಬಹಳ ದಿನ ಆಡದೆ ಇದ್ದ ಕಾರಣಕ್ಕೆ, ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಭಾರತದ ಹೆಸರು ಹೋಯಿತು. ಕೊನೆಯ ಸಲ ಏಷ್ಯನ್ ಕಪ್ ಪೂರ್ತಿ ಆಡಿದ್ದು 2003ರಲ್ಲಿ. 2022ರಲ್ಲಿ ನಾವೇ ಆತಿಥೇಯರು, ಹಾಗಾಗಿ ಜಾಗ ತಾನಾಗಿ ಸಿಕ್ಕಿತ್ತು. ನವಿ ಮುಂಬೈಯಲ್ಲಿ ಇರಾನ್ ಜೊತೆ 0-0 ಆಡಿದೆವು. ಎರಡನೇ ಮ್ಯಾಚ್ ಚೈನೀಸ್ ತೈಪೆ (ತೈವಾನ್) ಮೇಲೆ. ಅಷ್ಟರಲ್ಲಿ ತಂಡದೊಳಗೆ ಕೋವಿಡ್ ಹರಡಿ, ಆಡಲು ಬೇಕಾದಷ್ಟು ಜನರೇ ಉಳಿಯಲಿಲ್ಲ. ತಂಡ ಹೊರಗೆ ಬಿತ್ತು, ಇರಾನ್ ಜೊತೆಗಿನ ಡ್ರಾ ಕೂಡ ದಾಖಲೆಯಿಂದ ಅಳಿಸಿಹೋಯಿತು. ವರ್ಷಗಟ್ಟಲೆ ಕಾದು, ತವರಿನಲ್ಲಿ ಒಂದೇ ಮ್ಯಾಚ್ ಆಡಿ ಮನೆಗೆ ಹೋದ ಆ ಹುಡುಗಿಯರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅರ್ಹತಾ ಸುತ್ತು ಆಡಿ, ಗೆದ್ದು, ಏಷ್ಯನ್ ಕಪ್‌ಗೆ ಬಂದಿರುವುದು ಇದೇ ಮೊದಲು. ಕುಣಿಯದೆ ಇನ್ನೇನು ಮಾಡುತ್ತೀರಿ!

ಈಗ ಲೆಕ್ಕಕ್ಕೆ ಬರೋಣ. 12 ತಂಡ, ನಾಲ್ಕು ನಾಲ್ಕರ ಮೂರು ಗ್ರೂಪ್. ಪ್ರತಿ ಗ್ರೂಪಿನ ಮೊದಲ ಎರಡು ತಂಡ ಕ್ವಾರ್ಟರ್ ಫೈನಲ್‌ಗೆ. ಮೂರನೇ ಸ್ಥಾನದ ಮೂರು ತಂಡಗಳಲ್ಲಿ ಒಳ್ಳೆಯ ಎರಡಕ್ಕೂ ಜಾಗ. ಹನ್ನೆರಡರಲ್ಲಿ ಎಂಟು ಮುಂದಕ್ಕೆ ಹೋಗುತ್ತವೆ. ನಮ್ಮ ಗ್ರೂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ. ಮಾರ್ಚ್ 4ಕ್ಕೆ ಪರ್ತ್‌ನಲ್ಲಿ ವಿಯೆಟ್ನಾಂ, 7ಕ್ಕೆ ಅಲ್ಲೇ ಜಪಾನ್, 10ಕ್ಕೆ ಸಿಡ್ನಿಯಲ್ಲಿ ತೈಪೆ.

ಮಿಕ್ಕ ಎರಡು ಗ್ರೂಪ್ ನೋಡಿ. ಒಂದರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್, ಇರಾನ್. ಇನ್ನೊಂದರಲ್ಲಿ ಉತ್ತರ ಕೊರಿಯಾ, ಚೀನಾ, ಉಜ್ಬೇಕಿಸ್ತಾನ, ಬಾಂಗ್ಲಾದೇಶ. ಎರಡರಲ್ಲೂ ಮೇಲಿನ ಇಬ್ಬರು ಯಾರು ಅಂತ ಈಗಲೇ ಹೇಳಬಹುದು. ಕೆಳಗಿನ ಇಬ್ಬರು ತಮ್ಮ ತಮ್ಮಲ್ಲಿ ಒಂದು ಮ್ಯಾಚ್ ಗೆದ್ದು ಮೂರು ಪಾಯಿಂಟ್‌ಗೆ ನಿಲ್ಲುವ ಸಾಧ್ಯತೆ ಜಾಸ್ತಿ. ನಾವೂ ವಿಯೆಟ್ನಾಂ ಅಥವಾ ತೈಪೆ ಮೇಲೆ ಒಂದು ಗೆದ್ದು ಮೂರನೇ ಸ್ಥಾನಕ್ಕೆ ಬಂದೆವು ಅನ್ನಿ. ಆಗ ಮೂರು ತಂಡ, ಮೂವರಿಗೂ ಮೂರು ಮೂರು ಪಾಯಿಂಟ್, ಎರಡು ಜಾಗ. ತೀರ್ಮಾನ ಮಾಡುವುದು ಗೋಲು ವ್ಯತ್ಯಾಸ.

ಆದ್ದರಿಂದ ನಿಮ್ಮ ಗೆಳೆಯರು ನಗುತ್ತಿರುವ ಆ ಜಪಾನ್ ಮ್ಯಾಚ್ ನಿಜಕ್ಕೂ ತುಂಬಾ ಮುಖ್ಯ. ಅದರಲ್ಲಿ ಗೆಲ್ಲುವ ಮಾತು ಬಿಡಿ. ಜಪಾನ್ 2011ರ ವಿಶ್ವ ಚಾಂಪಿಯನ್. 2023ರ ವರ್ಲ್ಡ್ ಕಪ್ ಗೆದ್ದ ಸ್ಪೇನನ್ನು ಅದೇ ಟೂರ್ನಿಯ ಗ್ರೂಪ್ ಹಂತದಲ್ಲಿ 4-0ಯಿಂದ ಸೋಲಿಸಿದ ತಂಡ. ಆದರೆ 0-3ಕ್ಕೆ ಸೋಲುವುದಕ್ಕೂ 0-7ಕ್ಕೆ ಸೋಲುವುದಕ್ಕೂ ನಡುವೆ ಕ್ವಾರ್ಟರ್ ಫೈನಲ್ ಇರಬಹುದು.

ಇದು ಬರೀ ನನ್ನ ಊಹೆ ಅಂದುಕೊಳ್ಳಬೇಡಿ. 2022ರಲ್ಲಿ, ನಾವು ಹೊರಬಿದ್ದ ಅದೇ ಟೂರ್ನಿಯಲ್ಲಿ, ವಿಯೆಟ್ನಾಂ ಏನು ಮಾಡಿತು ನೋಡಿ. ದಕ್ಷಿಣ ಕೊರಿಯಾಕ್ಕೆ 0-3 ಸೋಲು. ಜಪಾನ್‌ಗೆ 0-3 ಸೋಲು. ಮ್ಯಾನ್ಮಾರ್ ಜೊತೆ 2-2. ಮೂರು ಮ್ಯಾಚ್, ಒಂದೂ ಗೆಲುವಿಲ್ಲ. ಭಾರತ ಹೊರಹೋಗಿ ಒಂದು ಗ್ರೂಪಿನಲ್ಲಿ ಮೂರೇ ತಂಡ ಉಳಿದಿದ್ದರಿಂದ, ಮೂರನೇ ಸ್ಥಾನದವರನ್ನು ಹೋಲಿಸುವಾಗ ನಾಲ್ಕನೇ ತಂಡದ (ವಿಯೆಟ್ನಾಂ ಗ್ರೂಪಿನಲ್ಲಿ ಮ್ಯಾನ್ಮಾರ್) ಮೇಲಿನ ಫಲಿತಾಂಶ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ವಿಯೆಟ್ನಾಂಗೂ ಸೊನ್ನೆ ಪಾಯಿಂಟ್, ಇರಾನ್‌ಗೂ ಸೊನ್ನೆ. ವಿಯೆಟ್ನಾಂನ ಗೋಲು ವ್ಯತ್ಯಾಸ ಮೈನಸ್ ಆರು, ಇರಾನ್‌ದು ಮೈನಸ್ ಹನ್ನೆರಡು. ವಿಯೆಟ್ನಾಂ ಕ್ವಾರ್ಟರ್ ಫೈನಲ್‌ಗೆ ಹೋಯಿತು. ಅಲ್ಲಿ ಚೀನಾಕ್ಕೆ 1-3ರಿಂದ ಸೋತಿತು. ಆದರೂ ಕ್ವಾರ್ಟರ್ ಫೈನಲ್‌ನಲ್ಲಿ ಸೋತವರಿಗೆ ವರ್ಲ್ಡ್ ಕಪ್ ಜಾಗಕ್ಕಾಗಿ ಪ್ಲೇಆಫ್ ಇತ್ತು. ಥಾಯ್ಲೆಂಡನ್ನು 2-0, ಚೈನೀಸ್ ತೈಪೆಯನ್ನು 2-1ರಿಂದ ಸೋಲಿಸಿ, ತಮ್ಮ ದೇಶದ ಇತಿಹಾಸದಲ್ಲೇ ಮೊದಲ ಸಲ ವರ್ಲ್ಡ್ ಕಪ್‌ಗೆ ಹೋದರು. ಆ ಸಂಭ್ರಮ ನಡೆದದ್ದು ನವಿ ಮುಂಬೈಯಲ್ಲಿ, ನಮ್ಮ ಕಣ್ಣೆದುರು.

ಜಪಾನ್‌ಗೆ 0-3ಕ್ಕೆ ಸೋಲುವುದನ್ನು ಒಂದು ಕೆಲಸ ಅಂದುಕೊಂಡು, ಕೊನೆಯ ನಿಮಿಷದವರೆಗೆ ಡಿಫೆನ್ಸ್ ಬಿಡದೆ ಆಡಿದ್ದರಿಂದ ಅವರಿಗೆ ಅದು ಸಿಕ್ಕಿತು. ಮುಂದೆ 2023ರ ವರ್ಲ್ಡ್ ಕಪ್‌ನ ಮೊದಲ ಮ್ಯಾಚ್‌ನಲ್ಲಿ ಅಮೆರಿಕಾವನ್ನೂ ಮೂರೇ ಗೋಲಿಗೆ ನಿಲ್ಲಿಸಿದರು. ಗೋಲ್‌ಕೀಪರ್ ಕಿಮ್ ಥಾನ್ ಅವತ್ತು ಅಲೆಕ್ಸ್ ಮಾರ್ಗನ್ ಹೊಡೆದ ಪೆನಾಲ್ಟಿಯನ್ನು ತಡೆದರು. ಇದೇ ಅಮೆರಿಕಾ 2019ರಲ್ಲಿ ಥಾಯ್ಲೆಂಡ್ ಮೇಲೆ 13 ಗೋಲು ಹೊಡೆದಿತ್ತು ಅನ್ನುವುದನ್ನು ನೆನಪಿಡಿ.

ಈ ಸಲವೂ ವರ್ಲ್ಡ್ ಕಪ್ ದಾರಿ ಹೆಚ್ಚುಕಡಿಮೆ ಹಾಗೇ ಇದೆ. ಸೆಮಿಫೈನಲ್‌ನ ನಾಲ್ಕು ತಂಡ ನೇರವಾಗಿ 2027ರ ಬ್ರೆಜಿಲ್ ವರ್ಲ್ಡ್ ಕಪ್‌ಗೆ. ಕ್ವಾರ್ಟರ್ ಫೈನಲ್‌ನಲ್ಲಿ ಸೋತ ನಾಲ್ವರಿಗೆ ಎರಡು ಪ್ಲೇಆಫ್ ಮ್ಯಾಚ್. ಅವುಗಳಲ್ಲಿ ಗೆದ್ದ ಇಬ್ಬರೂ ಬ್ರೆಜಿಲ್‌ಗೆ. ಅಂದರೆ ಗ್ರೂಪಿನಲ್ಲಿ ಒಂದು ಗೆಲುವು, ಜಪಾನ್ ಮೇಲೆ ಮರ್ಯಾದೆಯ ಸೋಲು, ಪ್ಲೇಆಫ್‌ನಲ್ಲಿ ಇನ್ನೊಂದು ಗೆಲುವು. ಎರಡು ಗೆಲುವಿನಲ್ಲಿ ವರ್ಲ್ಡ್ ಕಪ್! ಹೇಳುವಾಗ ಸುಲಭ, ಪ್ಲೇಆಫ್‌ಗೆ ಬರುವವರು ನಮಗಿಂತ ಗಟ್ಟಿ ತಂಡಗಳೇ ಆಗಿರುತ್ತಾರೆ. ಆದರೂ ದಾರಿ ಇದೆ. ಮುಂದಿನ ಸಲ ಯಾರಾದರೂ ನಕ್ಕಾಗ ವಿಯೆಟ್ನಾಂ ಕಥೆ ಪೂರ್ತಿ ಹೇಳಿ.

ಇನ್ನು ನಿಮಗೆ ಇಷ್ಟವಾಗದ ಭಾಗ. ನಮ್ಮ ಗ್ರೂಪಿನ ಮೂರೂ ತಂಡಗಳ ಮೇಲೆ ನಾವು 2023ರಲ್ಲಿ ಆಡಿದ್ದೇವೆ. ಮೂರೂ ಸೋತಿದ್ದೇವೆ. ತಾಷ್ಕೆಂಟ್‌ನ ಒಲಿಂಪಿಕ್ ಅರ್ಹತಾ ಸುತ್ತಿನಲ್ಲಿ ಜಪಾನ್ ಮೇಲೆ 0-7, ವಿಯೆಟ್ನಾಂ ಮೇಲೆ 1-3. ಚೀನಾದ ಏಷ್ಯನ್ ಗೇಮ್ಸ್‌ನಲ್ಲಿ ತೈಪೆ ಮೇಲೆ 1-2. ಇದನ್ನು ಮುಚ್ಚಿಟ್ಟುಕೊಂಡು ಆಸೆ ಪಡುವುದು ಬೇಡ.

ಆದರೆ ಆ ಕೊನೆಯ ಮ್ಯಾಚ್ ನನಗೆ ಧೈರ್ಯ ಕೊಡುತ್ತದೆ. ತೈಪೆ ಮೇಲೆ ಮೊದಲು ಗೋಲು ಹೊಡೆದದ್ದು ನಾವೇ. ವಿರಾಮದ ನಂತರ ಅಂಜು ತಮಾಂಗ್ ಹೊಡೆದರು. 69ನೇ ನಿಮಿಷದವರೆಗೂ ನಾವು ಮುಂದೆ ಇದ್ದೆವು. ಆಮೇಲೆ ಅವರು ಸಮ ಮಾಡಿದರು, 84ಕ್ಕೆ ಗೆಲುವಿನ ಗೋಲೂ ಹೊಡೆದರು. ಆಟದ ಮಟ್ಟದಲ್ಲಿ ಇಬ್ಬರೂ ಹತ್ತಿರ ಹತ್ತಿರ. ನಮಗೆ ತಪ್ಪಿದ್ದು ಕೊನೆಯ 20 ನಿಮಿಷ. ಇದೇ ತಂಡ ಜುಲೈನಲ್ಲಿ ಥಾಯ್ಲೆಂಡ್ ಮೇಲೆ ಉಳಿಸಿಕೊಂಡದ್ದೂ ಕೊನೆಯ 16 ನಿಮಿಷವನ್ನೇ. ನನ್ನ ಆಸೆ ನಿಂತಿರುವುದು ಈ ಎರಡು ಮ್ಯಾಚ್‌ಗಳ ನಡುವಿನ ವ್ಯತ್ಯಾಸದ ಮೇಲೆ. ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ತಲೆಯೂ ಸರಿಯಾಗಿ ಓಡುತ್ತದೆ. 75ನೇ ನಿಮಿಷದ ಮೇಲೆ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ದಣಿವಿನಿಂದ ಬರುತ್ತವೆ ಅಂತ ನನ್ನ ನಂಬಿಕೆ.

ಕೊನೆಯ ನಿಮಿಷ ಅಂದಾಗ 2019 ನೆನಪಾಗುತ್ತದೆ. ಪುರುಷರ ತಂಡ ಅಬುಧಾಬಿಯಲ್ಲಿ ಇದೇ ಥಾಯ್ಲೆಂಡನ್ನು 4-1ರಿಂದ ಸೋಲಿಸಿ ಏಷ್ಯನ್ ಕಪ್ ಶುರು ಮಾಡಿತ್ತು. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದಿದ್ದರು. ನಂತರ ಯುಎಇ ಮೇಲೆ 0-2. ಕೊನೆಯ ಮ್ಯಾಚ್ ಬಹ್ರೇನ್ ಮೇಲೆ. ಡ್ರಾ ಸಾಕಿತ್ತು, ನಾಕೌಟ್‌ಗೆ ಹೋಗುತ್ತಿದ್ದೆವು. 90 ನಿಮಿಷ ಮುಗಿದಾಗ 0-0. ಆಮೇಲೆ ಪೆನಾಲ್ಟಿ, ಗೋಲು, ಎಲ್ಲ ಮುಗಿಯಿತು. ಗ್ರೂಪಿನಲ್ಲಿ ಕೊನೆಯ ಸ್ಥಾನ. ಆ ತಂಡ ಬಹ್ರೇನ್‌ಗೆ ಸರಿಸಮ ಆಗಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಪೂರ್ತಿ ಮ್ಯಾಚ್ ಡ್ರಾ ಕಾಪಾಡಿಕೊಳ್ಳಲು ಕೂತರೆ ಬಾಲ್ ಮತ್ತೆ ಮತ್ತೆ ನಮ್ಮ ಪೆನಾಲ್ಟಿ ಬಾಕ್ಸ್‌ಗೇ ಬರುತ್ತದೆ. ಬಂದಷ್ಟೂ ಒಂದು ತಪ್ಪು ಕಾಲು ಬೀಳುವ ಅಪಾಯ ಜಾಸ್ತಿ.

ಪುರುಷರ ತಂಡದ ಇನ್ನೊಂದು ಪಾಠ ನಮ್ಮ ಕಂಠೀರವದ್ದು. 2023ರ ಜುಲೈ 4ರಂದು ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಗೆದ್ದಾಗ ಸ್ಟೇಡಿಯಂ ತುಂಬಾ ಜನ ಹಾಡಿದ್ದು ಅಲ್ಲಿದ್ದವರು ಯಾರೂ ಮರೆಯುವುದಿಲ್ಲ. ಅವತ್ತು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ, ಕತಾರ್‌ನ ಏಷ್ಯನ್ ಕಪ್‌ನಲ್ಲಿ ನಾವು ನಾಕೌಟ್ ಆಡುತ್ತೇವೆ ಅನ್ನುತ್ತಿದ್ದರು. 2024ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ 0-2, ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಕ್ಕೆ 0-1. ಒಂದು ಗೋಲೂ ಇಲ್ಲ. ಗೆದ್ದ ಜುಲೈಗೂ ಆಡುವ ಜನವರಿಗೂ ನಡುವೆ ಆರು ತಿಂಗಳಿತ್ತು. ಕತಾರ್‌ಗೆ ಹೋಗುವ ಮುಂಚೆ ತಂಡ ಒಟ್ಟಿಗೆ ತಯಾರಾಗಲು ಸಿಕ್ಕ ದಿನಗಳು ತೀರಾ ಕಡಿಮೆ. ಟೂರ್ನಿಯಲ್ಲಿ ಏನಾಗುತ್ತದೆ ಅನ್ನುವುದು ಬಹುಪಾಲು ಈ ನಡುವಿನ ತಿಂಗಳುಗಳಲ್ಲೇ ತೀರ್ಮಾನವಾಗಿರುತ್ತದೆ.

ಮಹಿಳಾ ತಂಡಕ್ಕೂ ಈಗ ಅದೇ ಸಮಯ. 2024-25ರ ಇಂಡಿಯನ್ ವುಮೆನ್ಸ್ ಲೀಗ್‌ನಲ್ಲಿ ಎಂಟು ತಂಡ, ಒಂದು ತಂಡಕ್ಕೆ 14 ಮ್ಯಾಚ್. ಏಪ್ರಿಲ್‌ಗೆ ಲೀಗ್ ಮುಗಿದರೆ ಮತ್ತೆ ಶುರುವಾಗುವವರೆಗೆ ತುಂಬಾ ಹುಡುಗಿಯರಿಗೆ ಗಟ್ಟಿ ಮ್ಯಾಚ್ ಇಲ್ಲ. ಜಪಾನ್‌ನ ವೃತ್ತಿಪರ ಲೀಗಿನಲ್ಲಿ 12 ತಂಡ, ಒಬ್ಬೊಬ್ಬರಿಗೆ 22 ಮ್ಯಾಚ್, ಅದರ ಮೇಲೆ ಕಪ್ ಟೂರ್ನಿಗಳು. 0-7 ಅನ್ನುವ ಅಂಕಿ ಹುಟ್ಟುವುದು ಇಲ್ಲಿ. ನಮ್ಮ ಹುಡುಗಿಯರಿಗೆ ಪ್ರತಿಭೆ ಕಡಿಮೆ ಇಲ್ಲ. 2021ರಲ್ಲಿ ಮನೌಸ್‌ನಲ್ಲಿ ಬ್ರೆಜಿಲ್ ಮೇಲೆ ಮನೀಷಾ ಕಲ್ಯಾಣ್ ಎಂಟನೇ ನಿಮಿಷಕ್ಕೇ ಗೋಲು ಹೊಡೆದು ಸಮ ಮಾಡಿದರು. ಮ್ಯಾಚ್ 1-6ಕ್ಕೆ ಮುಗಿಯಿತು. ಒಳ್ಳೆಯ ಹತ್ತು ನಿಮಿಷ ಆಡುವ ತಾಕತ್ತು ನಮಗೆ ಅವತ್ತೂ ಇತ್ತು. 90 ನಿಮಿಷ ಹಾಗೇ ಆಡಲು ವರ್ಷಪೂರ್ತಿ ಮ್ಯಾಚ್ ಬೇಕು. ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಲ್ಲಿ ಈ ಲೀಗಿನ ಫೈನಲ್‌ವರೆಗೆ ಹೋಗಿತ್ತು. ಎಷ್ಟು ಜನ ನೋಡಿದರು? ಅಭಿಮಾನಿಗಳಾಗಿ ನಾವು ಸ್ವಲ್ಪವಾದರೂ ಮಾಡಬಹುದಾದದ್ದು ಇಲ್ಲೇ.

ಟಿಕೆಟ್ ವಿಷಯ. ಅಕ್ಕನಿಗೆ ಮಾರ್ಚ್ 4ರ ವಿಯೆಟ್ನಾಂ ಮ್ಯಾಚ್‌ಗೇ ತಗೊಳ್ಳಲು ಹೇಳಿ, ಎರಡು ಮಾತಿಲ್ಲ. ದೊಡ್ಡ ಆಟಗಾರ್ತಿಯರನ್ನು ನೋಡಬೇಕು ಅನ್ನುವ ಆಸೆಗೆ ಜಪಾನ್ ಮ್ಯಾಚ್ ಚೆನ್ನ. ಆದರೆ ನಮ್ಮ ತಂಡಕ್ಕೆ ಗ್ಯಾಲರಿಯಿಂದ ಧ್ವನಿ ಬೇಕಾಗುವುದು ಮೊದಲ ಮ್ಯಾಚ್‌ನಲ್ಲಿ. ಅವತ್ತು ಡ್ರಾ ಆದರೂ ನಮ್ಮ ಕೈಯಲ್ಲಿ ಒಂದು ಪಾಯಿಂಟ್ ಇರುತ್ತದೆ, ಜಪಾನ್ ಮೇಲೆ ಹುಚ್ಚು ಸಾಹಸ ಮಾಡದೆ ಆಡಬಹುದು. ಸೋತರೂ ಒಂದೇ ಗೋಲಿನಿಂದ ಸೋತರೆ ಎಲ್ಲ ಮುಗಿಯಲಿಲ್ಲ. ಇನ್ನೊಂದು ಅನುಕೂಲ ಇದೆ: ಮೂರು ಗ್ರೂಪ್‌ಗಳಲ್ಲಿ ಕೊನೆಗೆ ಮುಗಿಯುವುದು ನಮ್ಮದು. ಸಿಡ್ನಿಯಲ್ಲಿ ತೈಪೆ ಮೇಲೆ ಇಳಿಯುವಾಗ ಉಳಿದ ಎರಡು ಗ್ರೂಪಿನ ಮೂರನೇ ತಂಡಗಳ ಪಾಯಿಂಟು, ಗೋಲು ಎಲ್ಲ ಗೊತ್ತಿರುತ್ತದೆ. ಎಷ್ಟು ಬೇಕು ಅಂತ ತಿಳಿದೇ ಆಡಬಹುದು. ಸಿಡ್ನಿಯಲ್ಲಿ ನಿಮ್ಮ ಪೈಕಿ ಯಾರಾದರೂ ಇದ್ದರೆ ಅವರಿಗೂ ಈಗಲೇ ಹೇಳಿಡಿ.

ನನ್ನನ್ನು ಬಿಡದೆ ಕೇಳಿದರೆ: ತೈಪೆ ಮೇಲೆ ಗೆಲುವು, ವಿಯೆಟ್ನಾಂ ಮೇಲೆ ಡ್ರಾ ಅಥವಾ ಒಂದು ಗೋಲಿನ ಸೋಲು, ಜಪಾನ್ ಮೇಲೆ ನಾಲ್ಕು ಗೋಲಿನೊಳಗಿನ ಸೋಲು. ಇಷ್ಟಾದರೆ ಕ್ವಾರ್ಟರ್ ಫೈನಲ್ ನಮ್ಮದೇ ಅಂತ ನಂಬಿದ್ದೇನೆ. 2025ರ ಆಗಸ್ಟ್ 10ರಂದು 20 ವರ್ಷದೊಳಗಿನ ನಮ್ಮ ಹುಡುಗಿಯರು ಯಾಂಗೂನ್‌ನಲ್ಲಿ ಮ್ಯಾನ್ಮಾರ್ ಮೇಲೆ 1-0ಯಿಂದ ಗೆದ್ದು, ಎರಡು ದಶಕಗಳ ನಂತರ ತಮ್ಮ ವಯಸ್ಸಿನ ಏಷ್ಯನ್ ಕಪ್‌ಗೆ ಬಂದರು. ಅಲ್ಲೂ ತವರಿನ ತಂಡವನ್ನೇ ಸೋಲಿಸಿದ್ದು, ಅಲ್ಲೂ ಒಂದೇ ಗೋಲಿನ ಅಂತರ. ಇದೊಂದು ದಿನದ ಅದೃಷ್ಟ ಅಂತ ಹೇಳುವವರಿಗೆ ಇದನ್ನೂ ತೋರಿಸಿ.

ಈಗಿನಿಂದ ಮಾರ್ಚ್‌ವರೆಗೆ ಬರುವ ಸ್ನೇಹಪಂದ್ಯಗಳನ್ನು ತಪ್ಪದೆ ನೋಡಿ. ಆದರೆ ಸ್ಕೋರ್ ನೋಡುವ ರೀತಿ ಬದಲಾಯಿಸಿಕೊಳ್ಳಿ. ನಮಗಿಂತ ಕೆಳಗಿನ ತಂಡದ ಮೇಲೆ 6-0 ಗೆದ್ದರೆ ಸುಮ್ಮನಿರಿ. ನಮಗಿಂತ 20-30 ಸ್ಥಾನ ಮೇಲಿನ ತಂಡಕ್ಕೆ 0-1ರಿಂದ ಸೋತು, ಆ ಗೋಲು ಕೊನೆಯ 20 ನಿಮಿಷದಲ್ಲಿ ಬಂದಿಲ್ಲ ಅಂದರೆ ಖುಷಿಪಡಿ. ಅಂಥ ಮ್ಯಾಚ್ ನಾಲ್ಕೈದು ಆಡಿಸಿದರೆ ಪರ್ತ್‌ಗೆ ಹೋಗುವ ತಂಡವೇ ಬೇರೆಯಾಗಿರುತ್ತದೆ. ಒಂದೂ ಆಡಿಸದೆ ಬರೀ ಕ್ಯಾಂಪ್ ಮಾಡಿ ಕಳಿಸಿದರೆ, ಆಗ ದನಿ ಎತ್ತಿ ಕೇಳಬೇಕಾದವರು ನಿಮ್ಮಂಥ ಅಭಿಮಾನಿಗಳೇ. ಮಾರ್ಚ್‌ನಲ್ಲಿ ಸೋತ ಮೇಲೆ ಕೇಳಿದರೆ ಉಪಯೋಗವಿಲ್ಲ, ಈಗಲೇ ಕೇಳಿ.